ಹದಿನಾಲ್ಕನೇ ತಾರೀಖು ರೈಲು ಓಡುತ್ತದೆ

ಸೆರೇಂಗ್, ಬೆಲ್ಜಿಯಂ
3 ಮಾರ್ಚ್ 1999

ಪ್ರೀತಿಯ ಅಣ್ಣ ಒರೆಸ್ತೆ,

ಕೂತಿದ್ದೀಯಾ? ಇಲ್ಲವಾದರೆ ಕೂತುಕೋ. ನಾನು ಮದುವೆಯಾಗುತ್ತಿದ್ದೇನೆ. ಹೌದು, ಅರವತ್ತೈದಕ್ಕೆ! ನಗಬೇಡ, ನಗುವವರೆಲ್ಲ ಇಲ್ಲಿ ಆಗಲೇ ನಕ್ಕು ಮುಗಿಸಿದ್ದಾರೆ. ಬೇಕರಿಯವನು, "ಯಾರ ಮದುವೇಗಮ್ಮಾ ಕೇಕು?" ಎಂದು ಕೇಳಿದ. "ನಂದೇ ಕಣಪ್ಪಾ" ಎಂದೆ. ಅವನ ಕೈಯಲ್ಲಿದ್ದ ಬ್ರೆಡ್ಡು ನೆಲಕ್ಕೆ ಬಿತ್ತು.

ಹುಡುಗನ ಹೆಸರು ಲಂಬೇರ್. ಹುಡುಗ ಎಂದರೆ ಅರವತ್ತೆಂಟು. ಪಕ್ಕದ ಬೀದಿಯವನು, ಹೆಂಡತಿಯನ್ನು ಕಳೆದುಕೊಂಡವನು. ಯಾವುದೋ ಆಫೀಸಿನಲ್ಲಿ ಕೆಲಸದಲ್ಲಿದ್ದ, ಈಗ ಹಿತ್ತಲಲ್ಲಿ ತರಕಾರಿ ಬೆಳೆಯುತ್ತಾನೆ. ತುಲ್ಲಿಯೊ ಹೋಗಿ ಹನ್ನೊಂದು ವರ್ಷವಾಯಿತು ಅಣ್ಣ. ಅವನನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಒಬ್ಬಳೇ ಕೂತು ಗೋಡೆ ನೋಡುತ್ತ ಸೂಪು ಕುಡಿದು ಸಾಕಾಗಿದೆ.

ಮದುವೆ ಮೇ 15, ಶನಿವಾರ, ಬೆಳಿಗ್ಗೆ, ಪುರಸಭೆಯಲ್ಲಿ. ನನ್ನ ಕಡೆಯ ಸಾಕ್ಷಿ ನೀನು. ಐವತ್ತೇಳರಲ್ಲಿ ತುಲ್ಲಿಯೊ ಜೊತೆ ಮದುವೆಯಾದಾಗ ನಮ್ಮವರು ಒಬ್ಬರೂ ಬರಲಾಗಲಿಲ್ಲ. ನಿಮ್ಮ ರೈಲ್ವೆ ಮುಷ್ಕರ. ನೀನು ಮುಂದೆ ನಿಂತು ನಿಲ್ಲಿಸಿದ ರೈಲಿನಲ್ಲೇ ಅಮ್ಮ ಬರಬೇಕಿತ್ತು. ಅದಕ್ಕಾಗಿ ನಾನು ಯಾವತ್ತೂ ಮುನಿಸಿಕೊಂಡವಳಲ್ಲ. ಆದರೆ ಈ ಸಲ ನೀನು ಬಾರದಿದ್ದರೆ ನಾನು ಸಹಿ ಹಾಕುವುದಿಲ್ಲ. ಲಂಬೇರನಿಗೂ ಹೇಳಿಬಿಟ್ಟಿದ್ದೇನೆ.

ಫೋನ್ ಮಾಡಬೇಡ. ನೀನು ಇಂಜಿನ್ನಿನ ಸದ್ದನ್ನು ಮೀರಿಸುವವನಂತೆ ಕಿರುಚುತ್ತೀಯ, ಕೊನೆಗೆ ಜಗಳವಾಗುತ್ತದೆ. ಬರೆ.

ನಿನ್ನ ಇರ್ಮಾ


ವಲ್ಲೆಕ್ರೋಸಿಯಾ, ಇಟಲಿ
12 ಮಾರ್ಚ್ 1999

ತಂಗೀ,

ಮೂರು ಸಲ ಓದಿದೆ. ಆಮೇಲೆ ಎದ್ದು ಹೋಗಿ ನಮ್ಮ ರೈಲು ಚಾಲಕರ ಸಂಘದ ಕೋಣೆಯಲ್ಲಿದ್ದವರಿಗೆಲ್ಲ ವೈನ್ ಕುಡಿಸಿದೆ. ನನಗೆ ಒಂದೂ ಮದುವೆಯಾಗಲಿಲ್ಲ, ನನ್ನ ತಂಗಿಗೆ ಎರಡನೇ ಮದುವೆ! ನಮ್ಮ ಮನೆತನದ ಲೆಕ್ಕ ಸರಿಹೋಯಿತು ಬಿಡು.

ಬರುತ್ತೇನೆಯೇ ಎಂದು ಕೇಳುತ್ತೀಯಾ? ವೇಳಾಪಟ್ಟಿಯ ದಪ್ಪ ಪುಸ್ತಕ ಮೇಜಿನ ಮೇಲೆ ಬಿಚ್ಚಿ ಬಿದ್ದಿದೆ, ಊಟಕ್ಕೆ ತಟ್ಟೆ ಇಡಲು ಜಾಗವಿಲ್ಲ. ಜೀವಮಾನವೆಲ್ಲ ರೈಲು ಓಡಿಸಿದೆ, ಆದರೆ ಜಿನೋವಾದಿಂದ ವೆಂತಿಮೀಲ್ಯಾ, ವೆಂತಿಮೀಲ್ಯಾದಿಂದ ಜಿನೋವಾ. ಗಾಣದೆತ್ತಿನ ಹಾಗೆ. ಗಡಿಯಾಚೆ ಹಳಿ ಎಲ್ಲಿಗೆ ಹೋಗುತ್ತದೆಂದು ನಕ್ಷೆಯಲ್ಲಿ ಮಾತ್ರ ನೋಡಿದ್ದೆ. ಈಗ ನೋಡು: 14ನೇ ತಾರೀಖು ಶುಕ್ರವಾರ ಇಲ್ಲಿಂದ ಹೊರಡುವುದು, ನೀಸ್, ಅಲ್ಲಿಂದ ರಾತ್ರಿ ರೈಲಿನಲ್ಲಿ ಉತ್ತರಕ್ಕೆ ಮೆಟ್ಸ್, ಲಕ್ಸೆಂಬರ್ಗ್, ಲಿಯೇಜ್. ಹೆಸರು ಬರೆಯುವಾಗಲೇ ಸೀಟಿ ಊದಬೇಕೆನಿಸುತ್ತಿದೆ, ಖುಷಿಗೆ.

ಮುಷ್ಕರದ ಚಿಂತೆ ನಿನಗೆ ಬೇಡ. 14ನೇ ತಾರೀಖು ರೈಲು ಓಡುತ್ತದೆ. ಇದು ನನ್ನ ಮಾತು. ಹೇಗೆ ಎಂದು ಕೇಳಬೇಡ, ಬಂದಾಗ ಹೇಳುತ್ತೇನೆ.

ಈ ಲಂಬೇರ್ ಯಾವ ಆಫೀಸಿನಲ್ಲಿದ್ದ? ಆಫೀಸು ಎಂದರೆ ನೂರಿವೆ. ಮನುಷ್ಯ ಏನು ಕೆಲಸ ಮಾಡುತ್ತಿದ್ದ ಎನ್ನುವುದು ತಿಳಿಯದೆ ಅವನ ಮದುವೆಗೆ ನಾನು ಹೇಗೆ ಸಾಕ್ಷಿ ಹಾಕಲಿ?

ಒರೆಸ್ತೆ


ಸೆರೇಂಗ್
15 ಮಾರ್ಚ್ 1999

ಪ್ರೀತಿಯ ಅಣ್ಣ,

ನಿನ್ನ ಉತ್ತರ ಇನ್ನೂ ಬಂದಿಲ್ಲ, ಆದರೂ ಅವಸರದಲ್ಲಿ ಬರೆಯುತ್ತಿದ್ದೇನೆ. ಮದುವೆ ಒಂದು ವಾರ ಮುಂದಕ್ಕೆ ಹೋಗಿದೆ. ಮೇ 22, ಶನಿವಾರ. ಪುರಸಭೆಯಲ್ಲಿ 15ರಂದು ಬಿಡುವಿಲ್ಲವಂತೆ. ಬೇರೇನೂ ಕಾರಣವಿಲ್ಲ. ಚಿಂತೆ ಮಾಡಬೇಡ, ಇದರಿಂದ ನಿನಗೂ ಒಳ್ಳೆಯದೇ ಆಗುತ್ತದೆ.

ನೀಲಿ ಬಟ್ಟೆ ಹೊಲಿಸುತ್ತಿದ್ದೇನೆ. ದರ್ಜಿ ಹೆಂಗಸು, "ಸೊಂಟ ಸ್ವಲ್ಪ ಸಡಿಲ ಬಿಡ್ಲಾ?" ಎಂದಳು. "ಬಿಗಿ ಮಾಡು, ಎರಡು ತಿಂಗಳಿದೆ, ಇಳಿಸ್ತೀನಿ" ಎಂದೆ. ಅವಳು ತಲೆಯಾಡಿಸಿ ಸಡಿಲವೇ ಬಿಟ್ಟಳು.

ಇರ್ಮಾ


ವಲ್ಲೆಕ್ರೋಸಿಯಾ
24 ಮಾರ್ಚ್ 1999

ಇರ್ಮಾ,

ನಿನ್ನ ಪತ್ರ ಬಂತು. 22ರ ಬದಲು ಮತ್ತೆ 15ಕ್ಕೇ ಇಟ್ಟುಕೊಳ್ಳಲಾಗುವುದಿಲ್ಲವೇ? ಪುರಸಭೆಯವರಿಗೆ ಸ್ವಲ್ಪ ಬೆಣ್ಣೆ ಹಚ್ಚಿ ನೋಡು. ಅಥವಾ 29? ಅಥವಾ ಜೂನ್? ಹನ್ನೊಂದು ವರ್ಷ ಕಾದವಳಿಗೆ ಹದಿನೈದು ದಿನ ಏನು ಮಹಾ.

ಕಾರಣ ಕೇಳಬೇಡ. ಆರೋಗ್ಯ ಚೆನ್ನಾಗಿದೆ.

ಒರೆಸ್ತೆ


ಸೆರೇಂಗ್
1 ಏಪ್ರಿಲ್ 1999

ಒರೆಸ್ತೆ,

ಇವತ್ತು ಏಪ್ರಿಲ್ ಒಂದು, ಆದರೆ ನಾನು ತಮಾಷೆ ಮಾಡುತ್ತಿಲ್ಲ.

ಮೊದಲ ಪತ್ರದಲ್ಲಿ ಖುಷಿಗೆ ಸೀಟಿ ಊದುವವನಿದ್ದೆ. ಎರಡನೆಯದರಲ್ಲಿ 29, ಜೂನ್, ಇನ್ನು ಮುಂದಿನದರಲ್ಲಿ ಕ್ರಿಸ್‌ಮಸ್ ಎನ್ನುತ್ತೀಯಾ? ನಡುವೆ ಏನಾಯಿತೆಂದು ನನಗೆ ಗೊತ್ತು. ಕೂತು ಯೋಚಿಸಿದ್ದೀಯ. ತುಲ್ಲಿಯೊ ನಿನ್ನ ಜೀವದ ಗೆಳೆಯ, ಅವನ ಕುರ್ಚಿಯಲ್ಲಿ ಇನ್ನೊಬ್ಬನನ್ನು ನೋಡಲು ನಿನಗೆ ಮನಸ್ಸಿಲ್ಲ. ಹೇಳುವ ಧೈರ್ಯವಿಲ್ಲದೆ ತಾರೀಖಿನ ಹಿಂದೆ ಅವಿತುಕೊಂಡಿದ್ದೀಯ.

ತುಲ್ಲಿಯೊ ಕೊನೆಯ ವಾರ ಏನು ಹೇಳಿದ ಗೊತ್ತೇ? "ನೀನು ಒಬ್ಳೇ ಇರ್ಬೇಡ ಇರ್ಮಾ, ನಿನ್ ಬಾಯಿಗೆ ಎದುರು ಮಾತಾಡೋಕೆ ಒಬ್ಬ ಬೇಕು." ಅವನೇ ಒಪ್ಪಿಕೊಂಡದ್ದನ್ನು ನೀನು ಒಪ್ಪುವುದಿಲ್ಲವೇ?

ಇನ್ನೊಂದು ಮಾತು. 14ರಂದು ರೈಲು ಓಡುತ್ತದೆ ಎಂದು ಆಣೆ ಇಟ್ಟಂತೆ ಬರೆದಿದ್ದೆಯಲ್ಲ, ಪಾಪ, ನಿನ್ನ ಸಂಘದವರು ಈಗ ನಿನಗೆ ಏನೂ ಹೇಳುವುದಿಲ್ಲ ಅಂತ ಕಾಣುತ್ತದೆ.

22ನೇ ತಾರೀಖು. ಬರುವುದಾದರೆ ಬಾ. ನೀನಿಲ್ಲದೆ ನಾನು ಸಹಿ ಹಾಕುವುದಿಲ್ಲ ಎಂದದ್ದು ಹಾಗೆಯೇ ಇದೆ. ಮದುವೆ ಮುರಿದರೆ ಅದು ನಿನ್ನ ತಲೆಯ ಮೇಲೆ.

ಇರ್ಮಾ


ವಲ್ಲೆಕ್ರೋಸಿಯಾ
9 ಏಪ್ರಿಲ್ 1999

ನನ್ನ ತಂಗೀ,

ಇಂಗು ತಿಂದ ಮಂಗನಂತೆ ಕೂತು ಬರೆಯುತ್ತಿದ್ದೇನೆ. ತುಲ್ಲಿಯೊನ ಮಾತು ಓದಿ ಅತ್ತೆ. ಅವನು ಹೇಳಿದ್ದು ಸರಿ, ನಿನ್ನ ಲಂಬೇರ್ ನೂರು ವರ್ಷ ಬಾಳಲಿ. ನನ್ನ ಕಷ್ಟ ಬೇರೆ.

ನಮ್ಮ ಲಿಗೂರಿಯಾ ಪ್ರಾಂತ್ಯದ ರೈಲು ಚಾಲಕರು ಮೇ ತಿಂಗಳಲ್ಲಿ ಒಂದು ಶುಕ್ರವಾರ ಮುಷ್ಕರ ಹೂಡುವುದೆಂದು ಆಗಲೇ ನಿಶ್ಚಯವಾಗಿತ್ತು. ಯಾವ ಶುಕ್ರವಾರ ಎನ್ನುವುದೇ ತಕರಾರು. ಹೆಚ್ಚಿನವರು 14 ಎನ್ನುತ್ತಿದ್ದರು. ನಿನ್ನ ಮೊದಲ ಪತ್ರ ಬಂದ ಮರುದಿನವೇ ಸಭೆ. ನಾನು ಎದ್ದು ನಿಂತೆ. ಪಿಂಚಣಿದಾರ ಎದ್ದು ನಿಂತರೆ ಹುಡುಗರು ಸುಮ್ಮನಾಗುತ್ತಾರೆ, ಗೌರವಕ್ಕೆ. "ಹದಿನಾಲ್ಕಕ್ಕೆ ಕಬ್ಬಿಣ ಇನ್ನೂ ಕಾದಿರಲ್ಲ ಮಕ್ಕಳಾ! ಇಪ್ಪತ್ತೊಂದಕ್ಕೆ ಹೊಡೀರಿ!" ಎಂದೆ. ಎಂಥ ಚಪ್ಪಾಳೆ ಅಂತೀಯಾ. ಲೋರಿಸ್ ಎಂಬ ನಮ್ಮ ಹೊಸ ಮುಂದಾಳು ಬಂದು ನನ್ನ ಕೆನ್ನೆಗೆ ಮುತ್ತಿಟ್ಟು, "ದೊಡ್ಡಪ್ಪಾ, ನಿಮ್ ಅನುಭವ ಅಂದ್ರೆ ಅನುಭವ" ಎಂದ. 21 ಎಂದು ನಿಶ್ಚಯವಾಯಿತು. ನಾನು ಮೀಸೆಯಡಿ ನಗುತ್ತ ಮನೆಗೆ ಬಂದು ನಿನಗೆ 14ರಂದು ರೈಲು ಓಡುತ್ತದೆ ಎಂದು ಬರೆದೆ.

ಆಮೇಲೆ ನಿನ್ನ ಎರಡನೇ ಪತ್ರ ಬಂತು. 22!

ಎರಡು ದಿನ ಮೊದಲೇ ಹೊರಡು ಎನ್ನುತ್ತೀಯ. ಹೊರಡುತ್ತಿದ್ದೆ. ಆದರೆ ನಮ್ಮ ಇಂಜಿನ್ ಶೆಡ್ಡಿನ ಪದ್ಧತಿ ನಿನಗೆ ಅಪ್ಪನ ಕಾಲದಿಂದ ಗೊತ್ತು. ದಿನ ಹೇಳಿದವನು ಆ ದಿನ ಬೆಳಿಗ್ಗೆ ಬಾವುಟ ಹಿಡಿದು ಪ್ಲಾಟ್‌ಫಾರಂ ಮೇಲೆ ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಹುಡುಗರು ಒಂದು ದಿನದ ಕೂಲಿ ಬಿಟ್ಟು ನಿಂತಿರುವಾಗ ದಿನ ಆರಿಸಿದ ಮುದುಕ ಕೇಕು ತಿನ್ನಲು ಓಡಿಹೋದ ಎನ್ನಿಸಿಕೊಂಡರೆ ನಾನು ಈ ಊರಿನಲ್ಲಿ ಮುಖ ಎತ್ತಿ ಕಾಫಿ ಕುಡಿಯುವುದು ಹೇಗೆ? ಅಷ್ಟಲ್ಲದೆ ಕಾನೂನಿನಂತೆ ಅವತ್ತು ಒಂದೆರಡು ರೈಲು ಓಡುತ್ತವೆ, ಅದನ್ನು ಹತ್ತುವ ಕಾಲು ನನಗಿಲ್ಲ.

ಬೈಯ್ಯಿ. ಬೈದ ಮೇಲೆ ಏನಾದರೂ ದಾರಿ ಹೇಳು.

ನಿನ್ನ ಕತ್ತೆ ಅಣ್ಣ


ಸೆರೇಂಗ್
16 ಏಪ್ರಿಲ್ 1999

ಅಣ್ಣಾ! ಅಣ್ಣಾ! ಅಣ್ಣಾ!

ಅಡುಗೆಮನೆಯಲ್ಲಿ ಓದಿ ನೆಲದ ಮೇಲೆ ಕೂತುಬಿಟ್ಟೆ. ನಕ್ಕು ನಕ್ಕು ಏಳಲಾಗಲಿಲ್ಲ. ಲಂಬೇರ್ ಓಡಿ ಬಂದು, "ಏನಾಯ್ತೇ? ಬಿದ್ದೆಯಾ?" ಎಂದು ಗಾಬರಿಯಾದ. ಪತ್ರ ಓದಿ ಹೇಳಿದೆ. ಅವನೂ ಪಕ್ಕದಲ್ಲೇ ಕೂತ. ಅವನನ್ನು ಎಬ್ಬಿಸಲು ಆಮೇಲೆ ಪಕ್ಕದ ಮನೆಯವರು ಬೇಕಾಯಿತು.

ಯಾಕೆ ಗೊತ್ತೇ? ಪುರಸಭೆಯಲ್ಲಿ 15ರಂದು ಬಿಡುವಿತ್ತು. ಸುಳ್ಳು ಹೇಳಿದೆ. 14ರಂದು ನಿಮ್ಮ ಕಡೆ ಮುಷ್ಕರ ಆಗುತ್ತದೆಂದು ಸುದ್ದಿ ಬಂತು, ನೀನು ಬರಲಾಗುವುದಿಲ್ಲವಲ್ಲ ಎಂದು ನಾನೇ ಓಡಿಹೋಗಿ 22ಕ್ಕೆ ಬದಲಾಯಿಸಿ ಬಂದೆ! ನನಗಾಗಿ ನೀನು ಮುಷ್ಕರವನ್ನು ತಳ್ಳಿದೆ, ನಿನಗಾಗಿ ನಾನು ಮದುವೆಯನ್ನು ತಳ್ಳಿದೆ, ಎರಡೂ ಒಂದೇ ಗುಂಡಿಗೆ ಬಿದ್ದವು. ಈಗ 15ಕ್ಕೆ ಬೇರೆ ಜೋಡಿ ಬಂದಿದೆ, ಜೂನ್ ಪೂರ್ತಿ ತುಂಬಿದೆ.

ಸುದ್ದಿ ಯಾರು ತಂದರು ಎನ್ನುತ್ತೀಯಾ? ಇನ್ನು ಮುಚ್ಚಿಡಲಾರೆ. ಲಂಬೇರನ ಆಫೀಸು ರೈಲ್ವೆ ಆಫೀಸು. ದೇಶದಿಂದ ದೇಶಕ್ಕೆ ಹೋಗುವ ರೈಲುಗಳ ವೇಳಾಪಟ್ಟಿ ಕಟ್ಟುತ್ತಿದ್ದ. ಮುಷ್ಕರದ ದಿನ ಉಳಿದ ನಾಲ್ಕು ಜನರನ್ನು ಇಟ್ಟುಕೊಂಡು ಹೇಗೆ ರೈಲು ಓಡಿಸುವುದು ಎಂದು ಲೆಕ್ಕ ಹಾಕುವುದೂ ಅವನದೇ ಕೆಲಸ. ಹೌದು, ಅಧಿಕಾರಿ. ನಿನಗೆ ಅಧಿಕಾರಿಗಳನ್ನು ಕಂಡರಾಗುವುದಿಲ್ಲ, ಅದಕ್ಕೇ ಹೇಳಿರಲಿಲ್ಲ. ಈಗಲಾದರೂ ಹಲ್ಲು ಕಡಿ, ಆದರೆ ಓದು.

ಅವನು ಹಳೆಯ ಪೆನ್ಸಿಲ್ ಹುಡುಕಿ ತೆಗೆದಿದ್ದಾನೆ. ಅವನ ಮಾತು ಇಷ್ಟು: ಶುಕ್ರವಾರ ಮಧ್ಯಾಹ್ನದವರೆಗೆ ನೀನು ಬಾವುಟ ಹಿಡಿ. ಆಮೇಲೆ ಗಡಿ ದಾಟಿ ಮಾಂತೋನಿಗೆ ಬಾ. ಫ್ರೆಂಚರ ರೈಲು ಫ್ರೆಂಚರದು, ಅದನ್ನು ಹತ್ತಿದರೆ ನಿನ್ನ ಧರ್ಮ ಕೆಡುವುದಿಲ್ಲ. ನೀಸ್‌ನಿಂದ ರಾತ್ರಿ ರೈಲು, ಮುಂಜಾನೆ ಮೆಟ್ಸ್, ಲಕ್ಸೆಂಬರ್ಗ್, ಬೆಳಿಗ್ಗೆ ಲಿಯೇಜ್. ಗಡಿಯನ್ನು ಹೇಗೆ ದಾಟುತ್ತೀಯೋ ಅದೊಂದು ಅವನ ಕೈಯಲ್ಲಿಲ್ಲ.

ನಿನ್ನ ಕತ್ತೆ ತಂಗಿ


ವಲ್ಲೆಕ್ರೋಸಿಯಾ
26 ಏಪ್ರಿಲ್ 1999

ಇರ್ಮಾ,

ಅಧಿಕಾರಿ! ಅದೂ ಮುಷ್ಕರದ ದಿನ ರೈಲು ಓಡಿಸುವ ಅಧಿಕಾರಿ! ನಾನು ಜೀವಮಾನವೆಲ್ಲ ಬಿಚ್ಚಿದ್ದನ್ನು ಹೊಲಿಯುತ್ತಿದ್ದವನು ನನ್ನ ಭಾವಮೈದುನ! ಒಂದು ದಿನ ಪೂರ್ತಿ ವೇಳಾಪಟ್ಟಿಯ ಪುಸ್ತಕ ಮುಚ್ಚಿಟ್ಟಿದ್ದೆ.

ಮರುದಿನ ಅವನ ಯೋಜನೆಯನ್ನು ಪುಸ್ತಕದೊಂದಿಗೆ ತಾಳೆ ನೋಡಿದೆ. ಹಾಳಾದವನು ಚೆನ್ನಾಗಿ ಕಟ್ಟಿದ್ದಾನೆ. ಒಂದೇ ತಪ್ಪು: ಲಕ್ಸೆಂಬರ್ಗಿನಲ್ಲಿ ರೈಲು ಬದಲಿಸಲು ಕೊಟ್ಟ ಸಮಯ ಸಾಲದು, ಮೆಟ್ಸ್ ರೈಲು ತಡವಾದರೆ ಗೋವಿಂದ. ಅವನಿಗೆ ಹೇಳು. ಫ್ರೆಂಚರೂ ಆ ವಾರ ಗುರ್ರೆನ್ನುತ್ತಿದ್ದಾರಂತೆ, ಅವರು ಗುರುವಾರ ನಿಲ್ಲಿಸಿದರೆ ಶುಕ್ರವಾರ ಬೆಳಿಗ್ಗೆ ಮತ್ತೆ ಶುರುಮಾಡಬಹುದು, ಮಾಡದೆಯೂ ಇರಬಹುದು.

ಗಡಿ ಏನು ಮಹಾ? ಕಾಲಿದೆ, ಸಮುದ್ರದ ಪಕ್ಕ ರಸ್ತೆಯಿದೆ, ನಡೆಯುತ್ತೇನೆ. ದಿನಾ ಸಂಜೆ ಸೂಟ್‌ಕೇಸಿಗೆ ಇಟ್ಟಿಗೆ ತುಂಬಿಕೊಂಡು ಬೀಚಿನಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದೇನೆ. ಊರವರು ನನಗೆ ತಲೆ ಕೆಟ್ಟಿದೆ ಎನ್ನುತ್ತಿದ್ದಾರೆ. ಈ ಎಪ್ಪತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ತಲೆ ಕೆಟ್ಟದ್ದು ನೆನಪಿಲ್ಲ.

ಒರೆಸ್ತೆ

ಆ ಲಂಬೇರನಿಗೆ ನಮಸ್ಕಾರ ಹೇಳು. ಹೆಚ್ಚು ಬೇಡ, ಸ್ವಲ್ಪ.


ಸೆರೇಂಗ್
12 ಮೇ 1999

ಅಣ್ಣ,

ಇದೇ ಕೊನೆಯ ಪತ್ರ, ಆಮೇಲೆ ಬಾಯಿಂದಲೇ ಮಾತು.

ಲಂಬೇರ್ ನಿನ್ನ ತಿದ್ದುಪಡಿ ಓದಿ ಕೆಂಪಾದ. "ನಿಮ್ಮಣ್ಣ ಹೇಳಿದ್ದು ಸರಿ. ನಾನೇ ಇದನ್ನ ನೋಡ್ಬೇಕಿತ್ತು" ಎಂದು ಪೆನ್ಸಿಲ್ ಕಚ್ಚಿಕೊಂಡು ಕೂತ. ಈಗ ಪುರಸಭೆಯಲ್ಲಿ ಶನಿವಾರದ ಕೊನೆಯ ಹೊತ್ತು ಕೇಳಿ ಪಡೆದಿದ್ದೇನೆ. ಹನ್ನೆರಡಕ್ಕೆ ಅವರು ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ಆಗಬೇಕು.

ಹೊಸ ಕಾಟ ಒಂದಿದೆ. ಇಲ್ಲಿ ನಮ್ಮ ರೈಲಿನವರು ಆ ಶನಿವಾರ ಏನಾದರೂ ಮಾಡಬಹುದು ಎಂಬ ಗುಸುಗುಸು. ನಮ್ಮವರು ನಿಮ್ಮವರ ಹಾಗೆ ಮೊದಲೇ ಹೇಳಿ ನಿಲ್ಲಿಸುವವರಲ್ಲ, ಬೆಳಿಗ್ಗೆ ಎದ್ದಾಗ ನೋಡಬೇಕು. ಲಂಬೇರನನ್ನು ಕೇಳಿದರೆ, "ನೀನು ಬಟ್ಟೆ ನೋಡ್ಕೋ, ರೈಲು ನಂಗ್ ಬಿಡು" ಎನ್ನುತ್ತಾನೆ.

ಭಯವಾಗುತ್ತಿದೆ ಅಣ್ಣ. ಖುಷಿಯೂ ಆಗುತ್ತಿದೆ. ಯಾವುದು ಎಷ್ಟು ಎಂದು ತಿಳಿಯುತ್ತಿಲ್ಲ. ಬಾ.

ಇರ್ಮಾ


ನೀಸ್ ನಿಲ್ದಾಣ
21 ಮೇ 1999, ಸಂಜೆ

ಇರ್ಮಾ,

ಈ ಪತ್ರ ನಿನ್ನನ್ನು ಮುಟ್ಟುವ ಹೊತ್ತಿಗೆ ನಾನು ಬಂದಿರುತ್ತೇನೆ, ಅಥವಾ ದಾರಿಯಲ್ಲಿ ಎಲ್ಲೋ ಸಿಕ್ಕಿಬಿದ್ದಿರುತ್ತೇನೆ. ಆದರೂ ಈಗಲೇ ಬರೆಯದಿದ್ದರೆ ಎದೆ ಒಡೆದುಹೋದೀತು.

ಬೆಳಿಗ್ಗೆಯಿಂದ ಬಾವುಟ ಹಿಡಿದು ನಿಂತೆ. ಒಬ್ಬ ಚಾಲಕನೂ ಒಳಗೆ ಹೋಗಲಿಲ್ಲ. ಮಧ್ಯಾಹ್ನ ಲೋರಿಸ್ ಬಂದು, "ದೊಡ್ಡಪ್ಪಾ, ಊಟಕ್ಕೆ ಹೋಗೋಣ" ಎಂದ. ನಾನು ಮೂಲೆಯಿಂದ ಸೂಟ್‌ಕೇಸ್ ತೆಗೆದೆ. "ಎಲ್ಲಿಗೆ?" ಎಂದ. ಸುಳ್ಳು ಹೇಳಲಾಗಲಿಲ್ಲ. ಮಾರ್ಚಿನ ಸಭೆಯಲ್ಲಿ ನಾನು ಯಾಕೆ ಎದ್ದು ನಿಂತೆ, ಆಮೇಲೆ ಏನಾಯಿತು, ಎಲ್ಲ ಹೇಳಿದೆ. ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು. ಮುಖ ಎಲ್ಲಿಡಲಿ ಎಂದು ನೆಲ ನೋಡುತ್ತ ನಿಂತೆ.

ಲೋರಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ, "ಅಂದ್ರೆ ಲಿಗೂರಿಯಾ ಪೂರ್ತಿ ನಿಮ್ ತಂಗಿ ಮದ್ವೆ ನೋಡ್ಕೊಂಡು ಮುಷ್ಕರ ಮಾಡ್ತಾ ಇದ್ಯಾ?" ಎಂದ.

"ಹೌದಪ್ಪ."

"ಅದೂ ತಪ್ ದಿನ?"

"ಹೌದಪ್ಪ."

ಅವನು ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಇಡೀ ಪ್ಲಾಟ್‌ಫಾರಂ ನಕ್ಕಿತು. ನನ್ನ ಕೈಯಿಂದ ಸೂಟ್‌ಕೇಸ್ ಕಿತ್ತುಕೊಂಡು, "ನಡೀರಿ ಎಲ್ಲಾ! ದೊಡ್ಡಪ್ಪನ್ನ ಗಡಿ ದಾಟಿಸ್ಬೇಕು!" ಎಂದು ಕೂಗಿದ. ಬಾವುಟ ಸುತ್ತಿಡಲು ಯಾರಿಗೂ ನೆನಪಾಗಲಿಲ್ಲ. ಸಮುದ್ರದ ಪಕ್ಕದ ರಸ್ತೆ ತುಂಬ ನಾವು, ಕೆಂಪು ಬಾವುಟ, ಸರದಿಯಲ್ಲಿ ನನ್ನ ಸೂಟ್‌ಕೇಸ್, ಹಾಡು. ಮದುವೆಗೆಂದು ತಂದಿದ್ದ ಸಕ್ಕರೆ ಬಾದಾಮಿಯಲ್ಲಿ ಅರ್ಧ ಖಾಲಿ, ಬೈಯಬೇಡ.

ಗಡಿಯ ಹತ್ತಿರ ಫ್ರೆಂಚ್ ಪೊಲೀಸರು ಅಡ್ಡ ಬಂದರು. "ಎಲ್ಲಿಗ್ರೀ ಮೆರವಣಿಗೆ?"

"ಮದ್ವೆಗೆ!" ಎಂದ ಲೋರಿಸ್.

"ಮದುಮಗ ಯಾರು?"

ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಪೊಲೀಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಧೈರ್ಯವಂತ್ರು ಬಿಡಿ" ಎಂದು ದಾರಿ ಬಿಟ್ಟ.

ಮಾಂತೋನಿನಲ್ಲಿ ಫ್ರೆಂಚರು ಕೆಲಸಕ್ಕೆ ಬಂದಿದ್ದರು. ರೈಲು ಹೊರಟಾಗ ನಮ್ಮ ಹುಡುಗರು ಪ್ಲಾಟ್‌ಫಾರಂ ತುದಿಯವರೆಗೂ ಓಡಿ ಬಂದರು. ಜೀವನದಲ್ಲಿ ಮೊದಲ ಸಲ ನಾನು ಹಿಂದಿನ ಡಬ್ಬಿಯಲ್ಲಿ ಕೂತಿದ್ದೆ, ಕಿಟಕಿಯಿಂದ ಕೈ ಬೀಸುತ್ತ.

ಉತ್ತರದ ರೈಲು ಬರುತ್ತಿದೆ. ಅಂಚೆಪೆಟ್ಟಿಗೆ ಇಲ್ಲೇ ಇದೆ.

ಒರೆಸ್ತೆ


ಸೆರೇಂಗ್
4 ಜೂನ್ 1999

ನನ್ನ ಅಣ್ಣ,

ನೀನು ಹೋದ ಮೇಲೆ ಮನೆ ತಣ್ಣಗಾಗಿದೆ. ನೀಸ್‌ನಿಂದ ಬರೆದದ್ದು ನೀನು ಬಂದ ಮೂರು ದಿನಕ್ಕೆ ಬಂತು. ಲಂಬೇರ್ ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದ್ದಾನೆ.

ನೀನು ಇಲ್ಲಿದ್ದಾಗ ಕುಡಿಯುವುದು, ನಗುವುದು, ಲಂಬೇರನ ಜೊತೆ ನೀನು ಕೂಗಾಡುವುದು, ಇದರಲ್ಲೇ ದಿನ ಕಳೆಯಿತು. ಆ ಶನಿವಾರ ಬೆಳಿಗ್ಗೆ ಇಲ್ಲಿ ನಡೆದದ್ದನ್ನು ಪೂರ್ತಿ ಹೇಳಲೇ ಇಲ್ಲ.

ಎದ್ದಾಗ ರೇಡಿಯೋದಲ್ಲಿ ಸುದ್ದಿ: ಲಕ್ಸೆಂಬರ್ಗಿನಿಂದ ಈ ಕಡೆ ರೈಲಿಲ್ಲ. ಲಂಬೇರನ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಬೇಕರಿಗೆ ಓಡಿದೆ, ಅವನ ವ್ಯಾನೂ ಇಲ್ಲ. "ನಸುಕಲ್ಲೇ ತಗೊಂಡ್ ಹೋದ್ರಮ್ಮಾ. ಕೇಕು ಒಳಗೇ ಇತ್ತು, ಇಳಿಸೋಕೂ ಬಿಡ್ಲಿಲ್ಲ" ಎಂದ. ಹೀಗೆ ನಾನು ನೀಲಿ ಬಟ್ಟೆ ಉಟ್ಟು ಪುರಸಭೆಗೆ ಹೋದೆ. ಅಣ್ಣ ಇಲ್ಲ, ಗಂಡ ಇಲ್ಲ, ಕೇಕೂ ಇಲ್ಲ. ಬಂದ ನೆಂಟರು ನನ್ನನ್ನು ಸತ್ತವರ ಮನೆಯಲ್ಲಿ ನೋಡುವಂತೆ ನೋಡಿದರು.

ಹನ್ನೆರಡಾಯಿತು. ಅಧಿಕಾರಿ ಗಡಿಯಾರ ನೋಡಿ, "ಅಮ್ಮಾ, ಮುಚ್ಬೇಕು" ಎಂದ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ಸಾಕ್ಷಿ ಯಾರಾದ್ರೂ ಆಗ್ಬಹುದು ಅಮ್ಮಾ, ಅದಕ್ಕೇನು ಕಾಯೋದು? ಆದ್ರೆ ಮದುಮಗನೇ ಇಲ್ವಲ್ಲ!" ಎಂದ. "ಮದುಮಗನಿಗೆ ನಾನು ಕಾಯ್ತಿಲ್ಲ ಸ್ವಾಮೀ. ಅಣ್ಣಂಗೆ ಕಾಯ್ತಿದೀನಿ" ಎಂದೆ. ಅವನು ಪಾಪ, ಕೋಟು ಹಾಕಿಕೊಂಡವನು ಮತ್ತೆ ಬಿಚ್ಚಿ ಕೂತ.

ಲಕ್ಸೆಂಬರ್ಗಿನ ನಿಲ್ದಾಣದಲ್ಲಿ ಮದುವೆ ಸೂಟಿನಲ್ಲಿ ನಿಂತಿದ್ದ ಲಂಬೇರನನ್ನು ನೀನು ಮೊದಲು ಬೈದೆಯಂತೆ. ವ್ಯಾನಿನಲ್ಲಿ, "ಅರವತ್ತನೇ ಇಸ್ವಿಯ ನಿಮ್ಮ ಬೆಲ್ಜಿಯಂನ ದೊಡ್ಡ ಮುಷ್ಕರದಲ್ಲಿ ನೀನು ಎಷ್ಟು ರೈಲು ಓಡಿಸ್ದೆ?" ಎಂದು ಕೇಳಿದೆಯಂತೆ. "ಕಾಗದದ ಮೇಲೆ ನಲವತ್ತು. ಹಳಿ ಮೇಲೆ ಒಂದೂ ಇಲ್ಲ. ನಿಮ್ಮಂಥೋರು ಚೆನ್ನಾಗೇ ನಿಲ್ಸಿದ್ರು" ಎಂದನಂತೆ. ನೀನು ಅವನ ಭುಜಕ್ಕೆ ಗುದ್ದಿದ ರಭಸಕ್ಕೆ ವ್ಯಾನು ರಸ್ತೆ ಬಿಟ್ಟು ಇಳಿಯಿತಂತೆ. ಕೇಕು ಒಂದು ಕಡೆ ಚಪ್ಪಟೆಯಾದದ್ದು ಯಾಕೆಂದು ಈಗ ಗೊತ್ತಾಯಿತು.

ಈಗ ಒಂದು ಮಾತು. ಇದು ಎಷ್ಟು ಚುಚ್ಚಿತ್ತೆಂದು ತುಲ್ಲಿಯೊಗೂ ಹೇಳಿರಲಿಲ್ಲ.

ಐವತ್ತೇಳರಲ್ಲಿ, ಅದೇ ಕಟ್ಟಡದಲ್ಲಿ, ಅಧಿಕಾರಿ ತಲೆ ಎತ್ತದೆ, "ವಧುವಿನ ಕಡೆಯವರು ಯಾರು?" ಎಂದು ಕೇಳಿದ್ದ. ಯಾರೂ ಮಾತಾಡಲಿಲ್ಲ. ಇಪ್ಪತ್ಮೂರು ವರ್ಷ ನನಗೆ, ಭಾಷೆ ಸರಿಯಾಗಿ ಬಾರದು. ಕೊನೆಗೆ ನಾನೇ ಕೈ ಎತ್ತಿ, "ನಾನೇ" ಎಂದಿದ್ದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ನನ್ನ ಕಿವಿಯಲ್ಲಿ ನಲವತ್ತೆರಡು ವರ್ಷ ಇತ್ತು ಅಣ್ಣ.

ಈ ಸಲದ ಅಧಿಕಾರಿಯೂ, ಕಾಯುತ್ತ ಸುಮ್ಮನೆ ಕೂರುವ ಬದಲು ಪುಸ್ತಕ ತುಂಬುತ್ತ, ಅದನ್ನೇ ಕೇಳಿದ. ಅವರಿಗೆ ಅದು ಕೇಳಲೇಬೇಕಾದ ಪ್ರಶ್ನೆ. "ವಧುವಿನ ಕಡೆಯವರು ಯಾರು?" ನಾನು ಮತ್ತೆ ಕೈ ಎತ್ತಲು ಹೊರಟೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದು. ಇಂಜಿನ್ನಿನ ಸದ್ದನ್ನೂ ಮೀರಿಸುವ ನಿನ್ನ ದನಿ ಇಡೀ ಕಟ್ಟಡ ಕೇಳುವಂತೆ ಕಿರುಚಿತು:

"ನಾನಿದೀನಿ! ನಾನು! ಅವ್ಳ ಅಣ್ಣ!"

ಇರ್ಮಾ